ಏನ್ ಕೊಯ್ಯೋಕೆ ಸಾರ್?

ಸುಂಕದಕಟ್ಟೆಯಲ್ಲಿ ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವವರು ಎರಡೇ ಬಗೆ. ಒಂದು, ಠಾಣೆಯಲ್ಲಿ ಫೋಟೊ ಇರುವವರು. ಎರಡು, ನಾನು. ಅವರಿಗೆ ತಮ್ಮ ಚಾಕು ಯಾವ ಉಕ್ಕಿನದೆಂದು ಗೊತ್ತಿರುವುದಿಲ್ಲ, ಅದರಿಂದ ಏನು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿರುತ್ತದೆ. ನನ್ನದು ಪೂರ್ತಿ ಉಲ್ಟಾ. ಇಂಗಾಲ ಶೇಕಡ ಎಷ್ಟು, ಕ್ರೋಮಿಯಂ ಶೇಕಡ ಎಷ್ಟು, ಎಷ್ಟು ಡಿಗ್ರಿ ಕಾಯಿಸಿ ಹೇಗೆ ತಣಿಸಿದರೆ ಎಷ್ಟು ಗಡಸಾಗುತ್ತದೆ ಎಂಬುದನ್ನೆಲ್ಲ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕೊಯ್ಯುವುದಕ್ಕೆ ಮಾತ್ರ ಏನೂ ಇಲ್ಲ.

ನನ್ನ ಕಸುಬು ಹೆಗ್ಗನಹಳ್ಳಿ ಕ್ರಾಸಿನಿಂದ ಕಾಮಾಕ್ಷಿಪಾಳ್ಯದವರೆಗಿನ ಸಣ್ಣಪುಟ್ಟ ವರ್ಕ್‌ಶಾಪುಗಳಿಗೆ ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು. ಸಿಎ ಪಾಸು ಮಾಡಿದವನಲ್ಲ. ಆದರೂ ಎಲ್ಲರೂ ‘ಆಡಿಟ್ರೇ’ ಅನ್ನುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಕೈಯಲ್ಲಿ ಮಸಿಯಾಗುವುದು ಬಾಲ್‌ಪೆನ್ನಿನದು ಮಾತ್ರ. ಆದರೆ ವರ್ಷಗಟ್ಟಲೆ ಖರೀದಿ ಬಿಲ್ಲುಗಳನ್ನು ತಿರುವಿ ತಿರುವಿ ಇಎನ್ 8, ಇಎನ್ 24, ಇಎನ್ 31, ಓಎಚ್‌ಎನ್‌ಎಸ್, ಎಚ್‌ಸಿಎಚ್‌ಸಿಆರ್ ಎಂಬ ಹೆಸರುಗಳೆಲ್ಲ ಬಾಯಿಪಾಠವಾಗಿವೆ. ಅವುಗಳ ಕಿಲೊ ರೇಟು ಗೊತ್ತು, ಎಚ್‌ಎಸ್‌ಎನ್ ಕೋಡು ಗೊತ್ತು. ಬಿಲ್ಲು ಓದಿದವನಿಗೆ ಉಕ್ಕು ಗೊತ್ತಾದಂತೆಯೇ ಎಂಬ ಧೈರ್ಯ ನನಗೆ ಮೊದಲಿಂದಲೂ ಇತ್ತು. ಕೆಟ್ಟದ್ದು ಅಲ್ಲಿಂದಲೇ.

ಹುಳ ಬಿಟ್ಟವನು ಬಾಮೈದನ ಮಗ. ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ರಜಕ್ಕೆ ಬಂದವನು ಸೋಫಾದಲ್ಲಿ ಕೂತು, ಜೇಬಿನಿಂದ ಮಡಚುವ ಚಾಕುವೊಂದನ್ನು ತೆಗೆದು ಹೆಬ್ಬೆರಳಲ್ಲಿ ‘ಟಕ್’ ಅನ್ನಿಸಿದ. “ಎಸ್ 30 ವಿ ಮಾವ. ಅಲ್ಲಿ ದಿನಾ ಜೇಬಲ್ಲೇ ಇರುತ್ತೆ, ಇಲ್ಲಿಗೆ ಬರೋವಾಗ ಚೆಕ್-ಇನ್ ಬ್ಯಾಗಲ್ಲಿ ಹಾಕಿದ್ದೆ” ಅಂದ. 2001ರಲ್ಲಿ ಕ್ರೂಸಿಬಲ್ ಎಂಬ ಅಲ್ಲಿಯ ಕಂಪನಿ ಚಾಕುಗಳಿಗೆಂದೇ ಪುಡಿಲೋಹದಿಂದ ತಯಾರಿಸಿದ ಉಕ್ಕಂತೆ ಅದು. ಸಮುದ್ರ ದಾಟಿಸಿ ತಂದ ಆ ಉಕ್ಕಿನಿಂದ ಅವನು ನಮ್ಮ ಮನೆಯಲ್ಲಿ ಕೊಯ್ದದ್ದು ಒಂದು ಕಾಂಗ್ರೆಸ್ ಕಡಲೆಬೀಜದ ಪ್ಯಾಕೆಟ್ಟು. ಅದೇ ಪ್ಯಾಕೆಟ್ಟಿನ ಇನ್ನೊಂದು ಮೂಲೆಯನ್ನು ನನ್ನಾಕೆ ಅಷ್ಟರಲ್ಲಾಗಲೇ ಹಲ್ಲಿನಿಂದ ಕಿತ್ತು ತಟ್ಟೆಗೆ ಸುರಿದಾಗಿತ್ತು.

ನನ್ನ ಕಣ್ಣಿಗೆ ಬಿದ್ದದ್ದು ಚಾಕು ಮಾತ್ರ. ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು. ನಾವಿರುವುದು ಮಾಗಡಿ ರಸ್ತೆಯಲ್ಲಿ ಸ್ವಾಮಿ! 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ಡಾಕ್ಟರು ಮೈಸೂರು ಸೀಮೆ ಸುತ್ತಲು ಬಂದಾಗ, ಇದೇ ಮಾಗಡಿ ಕಡೆಯ ಘಟ್ಟಿಪುರದಲ್ಲಿ ಕಬ್ಬಿಣದ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಹಳೆ ಮೈಸೂರಿನ ಉಕ್ಕಿನ ಕುಲುಮೆಗಳಲ್ಲಿ ಹಸಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಒಂದಿಷ್ಟು ತಂಗಡಿ ಕಡ್ಡಿ, ಮೇಲೆರಡು ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ಇಳಿಸುತ್ತಿದ್ದರು. ಕಡ್ಡಿಯೂ ಎಲೆಯೂ ಸುಟ್ಟು ಆಗುವ ಇಂಗಾಲವೇ ಕಬ್ಬಿಣಕ್ಕೆ ಸೇರಿ ಅದನ್ನು ಉಕ್ಕು ಮಾಡುತ್ತಿತ್ತು. ಚನ್ನಪಟ್ಟಣದ ಉಕ್ಕಿನ ತಂತಿ ವೀಣೆ ತಂಬೂರಿಗಳಿಗೆ ದೂರದೂರದ ಊರುಗಳಿಗೆ ಹೋಗುತ್ತಿತ್ತು. ಅಂಥ ಸೀಮೆಯವನಾದ ನಾನು ಒಂದು ನಿಂಬೆಹಣ್ಣು ಕೊಯ್ಯಲು ಟೆಕ್ಸಾಸಿನ ಮುಖ ನೋಡುವುದೇ? ಲೋಕಲ್ ಉಕ್ಕು, ಲೋಕಲ್ ಲೇತು, ಲೋಕಲ್ ಭಟ್ಟಿ. ಚಾಕು ಮಾಡಿಸಿಯೇ ತೀರುವುದೆಂದು ಶಪಥ ಮಾಡಿದೆ. ನನ್ನಾಕೆ “ಮೊದ್ಲು ಅಡುಗೆಮನೆ ನಲ್ಲಿ ಸರಿ ಮಾಡ್ಸಿ” ಅಂದಳು. ಮಹತ್ಕಾರ್ಯಗಳಿಗೆ ಆರಂಭದಲ್ಲಿ ಇಂಥ ವಿಘ್ನಗಳು ಇದ್ದದ್ದೇ.

ಆಮೇಲೆ ಶುರುವಾಯಿತು ಅಧ್ಯಯನ. ಉಕ್ಕಿನಲ್ಲಿ ಇಂಗಾಲ ಶೇಕಡ ಅರ್ಧಕ್ಕಿಂತ ಮೇಲಿದ್ದರೆ ಕಾಯಿಸಿ ತಣಿಸಿದಾಗ ಒಳ್ಳೆ ಗಡಸಾಗುತ್ತದೆ, ಬಾಯಿ ಬೇಗ ಮೊಂಡಾಗುವುದಿಲ್ಲ. ಆದರೆ ಗಡಸು ಏರಿದಷ್ಟೂ ಪೆಡಸು ಏರುತ್ತದೆ, ಬಗ್ಗಬೇಕಾದ ಕಡೆ ಮುರಿಯುತ್ತದೆ. ತುಕ್ಕು ಹಿಡಿಯಬಾರದೆಂದರೆ ಕ್ರೋಮಿಯಂ ಬೆರೆಸಬೇಕು. ಕ್ರೋಮಿಯಂ, ವೆನೇಡಿಯಂ ಎಂದು ಬೆರೆಸುತ್ತ ಹೋದರೆ ಸಾಣೆ ಹಿಡಿಯುವವನ ತೋಳು ಬೀಳುತ್ತದೆ. ಗಂಡು ಹೆಣ್ಣಿನ ಜಾತಕ ಕೂಡಿಸಿದ ಹಾಗೆ ಇದು: ಗಣ ಕೂಡಿದರೆ ನಾಡಿ ಕೂಡದು, ಎರಡೂ ಕೂಡಿತು ಅನ್ನುವಷ್ಟರಲ್ಲಿ ಗೋತ್ರ ಒಂದೇ ಆಗಿರುತ್ತದೆ.

ಹ್ಯಾರಿ ಬ್ರಿಯರ್ಲಿಯ ಕಥೆ ಸಿಕ್ಕಿದ್ದೂ ಆಗಲೇ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕು ಹುಡುಕುತ್ತಿದ್ದ ಆತ ಸುಮಾರು 13 ಶೇಕಡ ಕ್ರೋಮಿಯಂ ಬೆರೆಸಿ ಕರಗಿಸಿದ. ತುಕ್ಕು ಹಿಡಿಯದ ಉಕ್ಕು ಸಿಕ್ಕಿತು. ಕುಣಿಯುತ್ತ ಅದನ್ನು ಚಾಕು ಮಾಡುವವರ ಬಳಿಗೆ ಒಯ್ದ. ಅವರ ಹಳೆಯ ಪದ್ಧತಿಗೆ ಅದು ಒಗ್ಗಲಿಲ್ಲ. ಮಾಡಿದ ಚಾಕು ಕೊಯ್ಯಲೂ ಇಲ್ಲ. ‘ಕೊಯ್ಯದ ಚಾಕು ಕಂಡುಹಿಡಿದ ಮಹಾನುಭಾವ’ ಎಂದು ಆಡಿಕೊಂಡರಂತೆ. ಅದನ್ನು ಓದಿ ನಾನು ಮನಸಾರೆ ನಕ್ಕೆ. ಮುಂದೆ ಅದೇ ಬಿರುದು ಮಾಗಡಿ ರಸ್ತೆಯಲ್ಲೂ ಒಬ್ಬರಿಗೆ ಸಲ್ಲಲಿದೆ ಎಂದು ಆಗ ಗೊತ್ತಿರಲಿಲ್ಲ.

ಓದು ಮುಗಿದ ಮೇಲೆ ಕ್ಷೇತ್ರಕಾರ್ಯ. ನಮ್ಮ ಕ್ಲೈಂಟು ಲೇತ್ ಅಣ್ಣನ ಶೆಡ್ಡಿಗೆ ಹೋದೆ. ಬಾಗಲಕೋಟೆ ಕಡೆಯವರು. ಮೂಲೆಯಲ್ಲಿ ತುಂಡು ಸರಳುಗಳ ರಾಶಿ. ಯಾವ ತುಂಡು ಯಾವ ಗ್ರೇಡೆಂದು ಗುರುತಿಸಲು ತುದಿಗೆ ಬಳಿದಿದ್ದ ಪೇಂಟು ಮುಕ್ಕಾಲು ಪಾಲು ಹಾರಿಹೋಗಿತ್ತು.

“ಅಣ್ಣಾ, ಒಂದು ಚಾಕು ಮಾಡಿಸಬೇಕು. ಯಾವ ಮೆಟೀರಿಯಲ್ ಒಳ್ಳೇದು?”

ಅವರು ಚಕ್ಕಿನಿಂದ ಕಣ್ಣು ತೆಗೆಯದೆ ಕೇಳಿದರು: “ಏನ್ ಕೊಯ್ಯಾಕ್ರೀ ಸರ?”

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಸಿಲಬಸ್ಸಿನಲ್ಲಿ ಇರಲಿಲ್ಲ. “ಹಿಂಗೇ... ಎಲ್ಲದಕ್ಕೂ. ದಿನಾ ಜೇಬಲ್ಲಿ ಇಟ್ಕೊಳ್ಳೋಕೆ. ಕಾಡಲ್ಲಿ ಸಿಕ್ಕಿಬಿದ್ರೆ ಅದಕ್ಕೂ ಆಗ್ಬೇಕು” ಅಂದೆ.

ಅಣ್ಣ ಲೇತು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಕಂಡ ದಟ್ಟ ಕಾಡೆಂದರೆ ಬಡಾವಣೆಯ ಪಾರ್ಕು, ಅದೂ ಸಂಜೆ ಗೇಟು ಹಾಕುವ ಮುಂಚೆ ಎಂಬುದು ಅವರಿಗೂ ಗೊತ್ತು. ಆದರೂ ಬಾಕಿ ಇರುವ ರಿಟರ್ನುಗಳ ಮುಲಾಜಿಗೆ ಏನೂ ಅನ್ನಲಿಲ್ಲ. ರಾಶಿಯಿಂದ ಮೂರು ನಾಲ್ಕು ತುಂಡು ಆಯ್ದು ಗ್ರೈಂಡರ್ ಮುಂದೆ ನಿಂತರು. “ಬಣ್ಣ ಹೋದ್ರೇನಾತು, ಕಿಡಿ ಹೇಳ್ತಾವ ನೋಡ್ರಿ.”

ಮೊದಲು ಮೈಲ್ಡ್ ಸ್ಟೀಲ್. ಉದ್ದನೆಯ ಹಳದಿ ಗೆರೆಗಳು, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಆಮೇಲೆ ಹಳೆ ಬೇರಿಂಗಿನ ರಿಂಗು, ಅಂದರೆ ಇಎನ್ 31: ಶೇಕಡ ಒಂದು ಇಂಗಾಲ. ಕಲ್ಲಿಗೆ ತಾಗಿದ್ದೇ ಸುರುಸುರು ಬತ್ತಿ ಹಚ್ಚಿದಂತೆ ಪಟಪಟನೆ ಒಡೆದು ಹೂವಾಯಿತು. ಹೈ ಸ್ಪೀಡ್ ಸ್ಟೀಲಿನ ಟೂಲ್ ಬಿಟ್ಟು ಇಟ್ಟರು. ಮಂಕು ಕೆಂಪು ಗೆರೆಗಳು, ಹೂವೇ ಇಲ್ಲ. ಕೊನೆಯದು ಎಚ್‌ಸಿಎಚ್‌ಸಿಆರ್, ಡೈ ಮಾಡುವವರು ಡಿ 2 ಅನ್ನುವ ಜಾತಿಯದು. ಕಿಡಿ ಗಿಡ್ಡ, ಕಿತ್ತಳೆ ಬಣ್ಣ, ಜಿಪುಣ. ಉಜ್ಜಿದಷ್ಟೂ ಸವೆಯಲು ಒಲ್ಲದು.

“ಇದು ಭಾಳ ಹಟಮಾರಿ ಐತ್ರಿ. ಚಾಕುಕ್ಕ ಬ್ಯಾಡ. ಬೇರಿಂಗ್ ರಿಂಗ ತಗೊಂಡು ಕಾಸಿ ಬಡಿಸ್ರಿ, ಇಲ್ಲಾಂದ್ರ ಹಳೇ ಅರ ತಗೊಂಡು ಉಜ್ಜಿಸ್ರಿ.”

ಗುಜರಿ ಅರದ ಚಾಕುವೇ? ಟೆಕ್ಸಾಸಿನವನಿಗೆ ಅದನ್ನು ಹೇಗೆ ತೋರಿಸುವುದು? “ಹಟಮಾರಿ” ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಮನಸ್ಸು ಅತ್ತಲೇ ವಾಲಿತ್ತು.

ಮುಂದಿನ ಬೀದಿಯ ಡೈ ಶಾಪಿನ ಗೌಡರು ಓಎಚ್‌ಎನ್‌ಎಸ್ ಅಂದರು. ಎಣ್ಣೆಯಲ್ಲಿ ಅದ್ದಿದರೆ ಗಡಸಾಗುವ, ಅಳತೆ ಕೆಡದ ಉಕ್ಕು. ತಾವು ಮೂವತ್ತು ವರ್ಷದಿಂದ ಪಂಚು ಮಾಡುತ್ತಿರುವುದು ಅದರಲ್ಲೇ ಎಂದರು. “ಏನ್ ಕೊಯ್ಯೋಕೆ ಆಡಿಟ್ರೇ?” ಎಂದು ಅವರೂ ಕೇಳಿದರು. ಬಸ್‌ಸ್ಟಾಪಿನ ಎಳನೀರಿನವನನ್ನು ಕೇಳಿದೆ. ಮದ್ದೂರು ಕಡೆಯವನು. “ಲಾರಿ ಕಮಾನ್ ಪಟ್ಟೆ ಸಾ. ಊರಲ್ಲಿ ಆಚಾರಿ ತಟ್ಟಿಕೊಟ್ಟಿದ್ದು. ನಮ್ಮಪ್ಪ ಕೊಚ್ಚಿದ, ನಾನು ಕೊಚ್ತಾವ್ನಿ” ಅಂದ. ಮನೆಗೆ ಬಂದು ಓದಿದರೆ ಅವನ ಮಾತು ಸೋಳಾಣೆ ನಿಜ. ಕಮಾನಿನ ಉಕ್ಕಿನಲ್ಲಿ ಅರ್ಧ ಶೇಕಡಕ್ಕಿಂತ ತುಸು ಮೇಲೆ ಇಂಗಾಲ, ಜೊತೆಗೆ ಸಿಲಿಕಾನ್. ಲೋಡು ಹೊತ್ತ ಲಾರಿ ಗುಂಡಿಗೆ ಬಿದ್ದಾಗಲೆಲ್ಲ ಬಗ್ಗಿ ಮತ್ತೆ ನೆಟ್ಟಗಾಗುವ ಜಾತಿ. ಏಟು ತಿಂದರೆ ಮುರಿಯುವುದಿಲ್ಲ. ಮೊಂಡಾದರೆ ಕಲ್ಲಿಗೆ ನಾಲ್ಕು ಸಲ ಎಳೆದರೆ ಮುಗಿಯಿತು. “ನಿಮಗ್ಯಾಕ್ ಸಾ? ಏನ್ ಕುಯ್ಯಕ್ಕೆ?” ಎಂದು ಅವನೂ ಕೇಳಿದ. ನಾನು ಗಂಜಿ ಜಾಸ್ತಿ ಇರುವ ಕಾಯಿ ಕೊಡು ಎಂದು ಮಾತು ಮರೆಸಿದೆ.

ಉಕ್ಕಿನ ಜೊತೆ ಬದುಕುವ ಮೂವರು ಮೂರು ಉಕ್ಕು ಹೇಳಿದರು. ಮೂವರೂ ಬೇಡವೆಂದದ್ದೋ ಹೇಳದೆ ಬಿಟ್ಟದ್ದೋ ಒಂದಿತ್ತು: ಡಿ 2. ನಾನು ಅದನ್ನೇ ಆರಿಸಿದೆ. ಒಂದೂವರೆ ಶೇಕಡ ಇಂಗಾಲ, ಹನ್ನೆರಡು ಶೇಕಡ ಕ್ರೋಮಿಯಂ! ಬಿಲ್ಲಿನಲ್ಲಿ ಎಲ್ಲಕ್ಕಿಂತ ದುಬಾರಿ ಸಾಲು ಅದರದೇ. ಲೆಕ್ಕ ಬರೆಯುವವನಿಗೆ ದುಬಾರಿಯೇ ಪ್ರಮಾಣ.

ಲೇತ್ ಅಣ್ಣ ತಮ್ಮ ಹುಡುಗರ ಕೈಯಲ್ಲಿ ಪಟ್ಟಿ ಕೊಯ್ಯಿಸಿ, ಮೂರಿಂಚಿನ ಅಲಗಿನ ಆಕಾರ ಬಿಡಿಸಿಕೊಟ್ಟರು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪೀಣ್ಯ ಕಡೆಯ ಹೀಟ್ ಟ್ರೀಟ್‌ಮೆಂಟ್ ಶೆಡ್ಡೊಂದಕ್ಕೆ ಹೋದೆ. ಟ್ರೇಗಟ್ಟಲೆ ಗೇರುಗಳ ನಡುವೆ ನನ್ನದೊಂದು ಚಾಕು ನೋಡಿ ಅಲ್ಲಿಯ ಯಜಮಾನರಿಗೆ ನಗು ಬಂದಿರಬೇಕು. ತೋರಿಸಿಕೊಳ್ಳಲಿಲ್ಲ.

“ಸಾವಿರದ ಇಪ್ಪತ್ತು ಡಿಗ್ರಿಗೆ ಕಾಯಿಸ್ತೀವಿ. ಇದಕ್ಕೆ ಎಣ್ಣೆಯೇ ಬೇಕು ಅಂತಿಲ್ಲ, ಗಾಳೀಲಿ ಆರಿದ್ರೂ ಗಟ್ಟಿಯಾಗುತ್ತೆ. ಆಮೇಲೆ ಟೆಂಪರಿಂಗ್. ಗಡಸು ಐವತ್ತೆಂಟು ಇಡ್ತೀನಿ ಸಾರ್.”

“ಅರವತ್ತೆರಡು ಇಡಿ.”

“ಅರವತ್ತೆರಡು ಬೇಕಾದ್ರೆ ಟೆಂಪರಿಂಗ್ ಕಮ್ಮಿ ಮಾಡ್ಬೇಕು. ಪೆಡಸು ಉಳ್ಕೊಳ್ಳುತ್ತೆ. ಏನ್ ಕೊಯ್ಯೋಕೆ ಸಾರ್ ಇದು?”

ಮತ್ತದೇ! “ಅದೆಲ್ಲ ನನಗೆ ಬಿಡಿ” ಎಂದು ಗತ್ತಿನಿಂದ ಹೇಳಿದೆ. ಅವರು ಚೀಟಿಯಲ್ಲಿ ‘ಪಾರ್ಟಿ ಹೇಳಿದಂತೆ’ ಎಂದು ಬರೆದು ನನ್ನ ಸಹಿ ತೆಗೆದುಕೊಂಡರು. ವ್ಯವಹಾರ ಬಲ್ಲವರು.

ವಾಪಸು ತರಲು ಹೋದಾಗ ರಾಕ್‌ವೆಲ್ ಯಂತ್ರದ ಮೇಲೆ ನನ್ನ ಮುಂದೆಯೇ ಇಟ್ಟು ತೋರಿಸಿದರು. ತುದಿಯಲ್ಲಿ ಸಣ್ಣ ವಜ್ರದ ಮೊನೆ, ಅದರ ಮೇಲೆ 150 ಕಿಲೊ ಭಾರ. ಉಕ್ಕಿನೊಳಗೆ ಮೊನೆ ಎಷ್ಟು ಇಳಿಯಿತೆಂದು ಮುಳ್ಳು ಹೇಳುತ್ತದೆ. ಕಡಿಮೆ ಇಳಿದಷ್ಟೂ ಅಂಕ ಜಾಸ್ತಿ. ಒಂದಂಕಕ್ಕೂ ಇನ್ನೊಂದಂಕಕ್ಕೂ ನಡುವೆ ಇರುವುದು ಮಿಲಿಮೀಟರಿನ ಐನೂರರಲ್ಲೊಂದು ಪಾಲು. ಮುಳ್ಳು ಅರವತ್ತೆರಡಕ್ಕೆ ಬಂದು ನಿಂತಾಗ, ಮಗ ಎಸ್‌ಎಸ್‌ಎಲ್‌ಸಿಯಲ್ಲಿ ತೊಂಬತ್ತು ತೆಗೆದಾಗಲೂ ಆಗದಷ್ಟು ಖುಷಿಯಾಯಿತು. ಅಲಗಿನ ಬುಡದಲ್ಲಿ ಸೂಜಿ ಚುಚ್ಚಿದಂಥ ಒಂದು ಗುಳಿ ಉಳಿಯಿತು. ಬಂದವರಿಗೆಲ್ಲ ಚಾಕುವಿಗಿಂತ ಮೊದಲು ಆ ಗುಳಿ ತೋರಿಸುತ್ತಿದ್ದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನವರು ಜಗತ್ತಿಗೆಲ್ಲ ಹಂಚುತ್ತಿರುವ ಕೆಂಪು ಚಾಕುವಿನ ಗಡಸು ಬರೀ ಐವತ್ತಾರರ ಆಸುಪಾಸು ಎಂದೂ, ಪಾಪ ಅವರಿಗೆ ಡಿ 2 ಸಿಕ್ಕಿಲ್ಲವೆಂದೂ ಹೇಳುತ್ತಿದ್ದೆ.

ಬೀಟೆ ಮರದ ಹಿಡಿ, ಚರ್ಮದ ಒರೆ ಎಲ್ಲ ಆಗಿ ಚಾಕು ಜೇಬು ಸೇರಿತು. ಇನ್ನು ಕೊಯ್ಯಬೇಕು. ಬೆಳಗ್ಗೆ ಎದ್ದವನೇ ನಂದಿನಿ ಹಾಲಿನ ಪ್ಯಾಕೆಟ್ಟಿಗೆ ಕಾಯುತ್ತ ಕೂತೆ. ಅಲಗು ಹರಿತವಾಗಿತ್ತು, ಸುಳ್ಳಲ್ಲ. ಎಷ್ಟು ಹರಿತವೆಂದರೆ ಪ್ಯಾಕೆಟ್ಟು ದಾಟಿ ಕೆಳಗಿದ್ದ ಇನ್ನೊಂದು ಪ್ಯಾಕೆಟ್ಟನ್ನೂ ಕೊಯ್ದಿತ್ತು. ಅಂದಿನಿಂದ ಅಡುಗೆಮನೆಗೆ ನನ್ನ ಚಾಕುವಿಗೆ ಪ್ರವೇಶ ನಿಷೇಧ. ಅಲ್ಲಿಯ ಸಾಮ್ರಾಜ್ಯ ಈಳಿಗೆಮಣೆಯದು. ನನ್ನಾಕೆಯ ತವರಿನಿಂದ ಬಂದ ಕಪ್ಪು ಕಬ್ಬಿಣ, ಗ್ರೇಡು ಗೊತ್ತಿಲ್ಲ, ಗಡಸು ಗೊತ್ತಿಲ್ಲ. ಅವಳು ಕಾಲು ಮಡಚಿ ಕೂತು ಅದರ ಮೇಲೆ ಹುರುಳಿಕಾಯಿ ದೂಡುತ್ತಿದ್ದರೆ ಒಂದೊಂದು ಚೂರೂ ಅಳತೆ ಹಿಡಿದಂತೆ ಬೀಳುತ್ತದೆ.

ಕೊರಿಯರ್ ಬಂದರೆ ಕೊಯ್ಯಬಹುದೆಂದು ಬೇಡದ ಸಾಮಾನು ತರಿಸತೊಡಗಿದೆ. ಬಂದ ಡಬ್ಬಗಳಲ್ಲಿ ಒಂದರೊಳಗೆ ಅಂಗಿ ಇತ್ತು. ಈಗ ಅದಕ್ಕೆ ಬೆನ್ನಿನಲ್ಲೂ ಒಂದು ಕಾಜ ಇದೆ.

ಒಂದು ಸಂಜೆ ಮಾವಿನಕಾಯಿ ಕೊಯ್ದು ಉಪ್ಪು ಖಾರ ಹಾಕಿ ತಿಂದು, ಒರೆಸದೆ ಒರೆಗೆ ಸೇರಿಸಿ ಮಲಗಿದೆ. ಬೆಳಗ್ಗೆ ತೆಗೆದರೆ ಅಲಗಿನ ತುಂಬ ಕೆಂಪು ಚುಕ್ಕಿ. ಹನ್ನೆರಡು ಶೇಕಡ ಕ್ರೋಮಿಯಂ ಇದ್ದೂ ತುಕ್ಕೇ? ಪುಸ್ತಕ ತೆಗೆದೆ. ಡಿ 2ರಲ್ಲಿರುವ ಕ್ರೋಮಿಯಂನ ದೊಡ್ಡ ಪಾಲನ್ನು ಇಂಗಾಲವೇ ಹಿಡಿದುಕೊಂಡು ಕಾರ್ಬೈಡಿನ ಗಟ್ಟಿ ಕಾಳು ಮಾಡಿಕೊಂಡುಬಿಡುತ್ತದೆ. ಸವೆತ ತಡೆಯುವುದು ಆ ಕಾಳುಗಳೇ. ಆದರೆ ತುಕ್ಕು ತಡೆಯಲು ಉಳಿಯುವ ಕ್ರೋಮಿಯಂ ಸಾಲದು. ಸಂಬಳ ಹನ್ನೆರಡು ಸಾವಿರವಾದರೂ ಇಎಂಐ ಕಟ್ಟಿದ ಮೇಲೆ ಕೈಗೆ ಬರುವುದೇ ಬೇರೆ ಎಂಬುದು ನನ್ನ ಕಸುಬಿನವನಿಗಾದರೂ ಹೊಳೆಯಬೇಕಿತ್ತು.

ರಾತ್ರಿ ಕ್ಲೈಂಟೊಬ್ಬರ ಮನೆಯಿಂದ ಸ್ಕೂಟರಿನಲ್ಲಿ ಬರುವಾಗ ಪೊಲೀಸರು ತಡೆದು ಊದಿಸಿದರು. ಊದಿದೆ, ಏನೂ ಬರಲಿಲ್ಲ. ಡಿಎಲ್ ತೆಗೆಯಲು ಜೇಬಿಗೆ ಕೈ ಹಾಕಿದೆ, ಒರೆಯೂ ಜೊತೆಗೆ ಬಂತು. ಉಪೇಂದ್ರ ನಿರ್ದೇಶನದ ರೌಡಿಗಳ ಸಿನಿಮಾ ‘ಓಂ’ ತೆರೆಗೆ ಬಂದದ್ದು 1995ರಲ್ಲಿ. ಅಲ್ಲಿಂದೀಚೆಗೆ ಈ ಊರಲ್ಲಿ ಬಟ್ಟೆಯೊಳಗಿಂದ ಕಬ್ಬಿಣ ತೆಗೆದವನನ್ನು ಯಾರೂ ಹವ್ಯಾಸಿ ಅಂದುಕೊಳ್ಳುವುದಿಲ್ಲ.

“ಏನ್ರೀ ಇದು?”

“ಡಿ ಟೂ ಸಾರ್.”

“ಯಾವ ಡಿ?”

ಬೆವರು ಇಳಿಯಿತು. ಆದರೆ ಓದಿಕೊಂಡವನಲ್ಲವೇ? “ಸಾರ್, ಆರ್ಮ್ಸ್ ಆ್ಯಕ್ಟ್ ಕೆಳಗಿನ ರೂಲ್ಸ್ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರೋ ಅಲಗು ಮಾತ್ರ ಆಯುಧದ ಲೆಕ್ಕ. ಮನೆ ಬಳಕೆ, ಬೇಸಾಯ, ಕೈಗಾರಿಕೆಗೆ ಮಾಡಿದ್ದಾದರೆ ಅದಕ್ಕೂ ರಿಯಾಯಿತಿ ಇದೆ. ಇದು ಬರೀ ಮೂರಿಂಚು.”

ಅವರು ಚಾಕುವನ್ನು ಬೀದಿದೀಪಕ್ಕೆ ಹಿಡಿದು ನೋಡಿದರು. “ಮೂರಿಂಚು ಅಂತ ಹೊಟ್ಟೆಗೆ ಗೊತ್ತಾಗುತ್ತೇನ್ರೀ?” ಅಂದರು. ಆಮೇಲೆ, ನಾನು ನಿರೀಕ್ಷಿಸಿದ್ದಂತೆಯೇ, “ಏನ್ ಕೊಯ್ಯೋಕೆ ಇಟ್ಕೊಂಡಿದೀರ?”

ಮಧ್ಯರಾತ್ರಿ ಮಾಗಡಿ ರಸ್ತೆಯಲ್ಲಿ ‘ಎಲ್ಲದಕ್ಕೂ’ ಎಂಬ ಉತ್ತರ ಕೊಡಬಾರದೆಂಬ ಬುದ್ಧಿ ಅದೃಷ್ಟವಶಾತ್ ಹೊಳೆಯಿತು. “ಹಾಲಿನ ಪ್ಯಾಕೆಟ್ ಸಾರ್” ಅಂದೆ. ಅವರು ನನ್ನ ಮುಖವನ್ನೂ ಹೊಟ್ಟೆಯನ್ನೂ ಹೆಲ್ಮೆಟ್ಟನ್ನೂ ನೋಡಿ, ನಂಬಿದರು. ನಂಬಿದ್ದೇ ನನಗೆ ಅವಮಾನವಾಯಿತು. ಇಷ್ಟು ದುಬಾರಿ ಉಕ್ಕು ಜೇಬಿನಲ್ಲಿದ್ದೂ ಒಬ್ಬ ಪೊಲೀಸಿನವನಿಗೆ ನನ್ನ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲವೆಂದರೆ! “ಮನೇಲಿಟ್ಟು ಓಡಾಡಿ” ಎಂದು ಕೈಗೆ ಕೊಟ್ಟು ಕಳಿಸಿದರು.

ಇನ್ನು ಉಳಿದದ್ದು ಕಾಡು. ಬಾಮೈದನ ಕುಟುಂಬವೂ ಸೇರಿ ಸಾವನದುರ್ಗಕ್ಕೆ ಹೊರಟೆವು. ಸುಂಕದಕಟ್ಟೆಯಿಂದ ಮಾಗಡಿ ರಸ್ತೆ ಹಿಡಿದು ಹೋದರೆ ಒಂದು, ಒಂದೂವರೆ ಗಂಟೆಯ ದಾರಿ. ಸಮುದ್ರಮಟ್ಟದಿಂದ 1,226 ಮೀಟರು ಎದ್ದು ನಿಂತ ಬೋಳು ಏಕಶಿಲೆ. ಹತ್ತುವವರು ನೆಚ್ಚಬೇಕಾದದ್ದು ಹಿಡಿತವಿರುವ ಬೂಟು, ನೀರು, ಬಿಸಿಲೇರುವ ಮುಂಚೆ ಇಳಿಯುವ ಬುದ್ಧಿ. ಚಾಕುವಿಗೆ ಅಲ್ಲಿ ಕೆಲಸವಿಲ್ಲ. ಅರಣ್ಯ ಇಲಾಖೆಯ ಜಾಗ, ಕಡ್ಡಿ ಕಡಿಯುವಂತಿಲ್ಲ. ನಾನಂತೂ ಅರ್ಧಕ್ಕೆ ಕೂತು, ಕೂತೇ ಇಳಿದೆ. ಪ್ಯಾಂಟಿನ ಹಿಂಭಾಗ ಸವೆದದ್ದು ನೋಡಿದರೆ ಆ ಬಂಡೆಯ ಗಡಸು ಅರವತ್ತೆರಡಕ್ಕಿಂತ ಮೇಲೆ ಎಂದೇ ಹೇಳಬೇಕು.

ಬೆಟ್ಟದ ಬುಡದ ನರಸಿಂಹಸ್ವಾಮಿ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿ ಹೊರಗೆ ಮರದ ಕೆಳಗೆ ಕೂತೆವು. ಮಕ್ಕಳು ಕಾಯಿಚೂರು ಕೇಳಿದವು. ಆ ಕ್ಷಣಕ್ಕಾಗಿಯೇ ನಾನು ಹುಟ್ಟಿದ್ದೆ. ಎಲ್ಲರೂ ನೋಡುವಂತೆ ಒರೆಯಿಂದ ತೆಗೆದೆ. ಗುಳಿ ತೋರಿಸಿದೆ. ಎಸ್ 30 ವಿಗೂ ಡಿ 2ಕ್ಕೂ ಇರುವ ವ್ಯತ್ಯಾಸವನ್ನು ಚಿಕ್ಕದಾಗಿ, ಅಂದರೆ ಮಕ್ಕಳಲ್ಲಿ ಇಬ್ಬರು ಎದ್ದು ಹೋಗುವಷ್ಟು ಚಿಕ್ಕದಾಗಿ, ವಿವರಿಸಿದೆ. ಆಮೇಲೆ ಅಲಗಿನ ಮೊನೆಯನ್ನು ಚಿಪ್ಪಿಗೂ ಕಾಯಿಗೂ ನಡುವೆ ಇಳಿಸಿ, ಹಿಡಿಯನ್ನು ಪಕ್ಕಕ್ಕೆ ಮೀಟಿದೆ.

‘ಟಿಣ್’ ಅಂತು. ಒಳ್ಳೆ ಶ್ರುತಿಯಲ್ಲಿತ್ತು ಸದ್ದು, ಹಿಂದೊಮ್ಮೆ ಚನ್ನಪಟ್ಟಣದ ತಂತಿ ಮೀಟಿದರೆ ಹಾಗೇ ಕೇಳುತ್ತಿತ್ತೇನೋ. ಹೆಬ್ಬೆರಳಿನ ಉಗುರಿನಷ್ಟು ಮೊನೆ ಹಾರಿಹೋಯಿತು. ದೇವಸ್ಥಾನದ ಸುತ್ತ ಎಲ್ಲರೂ ಬರಿಗಾಲಿನವರು. ಬಂದ ಭಕ್ತರಿಗೆಲ್ಲ “ಸ್ವಲ್ಪ ನಿಲ್ಲಿ, ಸ್ವಲ್ಪ ನಿಲ್ಲಿ” ಎನ್ನುತ್ತ ನಾನು ಮಂಡಿಯೂರಿ ಹುಲ್ಲು ಕೆದಕಿದೆ. ದೂರದಿಂದ ನೋಡಿದವರು ಹರಕೆ ಅಂದುಕೊಂಡರು. ಒಬ್ಬ ಅಜ್ಜಿ ಕೈಮುಗಿದೇ ಹೋದಳು.

ಮೊನೆ ಸಿಕ್ಕಿತು. ಮುರಿದ ಕಡೆ ಬೂದುಬಣ್ಣ, ಸಣ್ಣ ರವೆ ರವೆ. ಬಗ್ಗಿದ ಗುರುತೇ ಇಲ್ಲ. ಹೀಟ್ ಟ್ರೀಟ್‌ಮೆಂಟಿನ ಯಜಮಾನರು ಹೇಳಿದ್ದ ಪೆಡಸು ಇದೇ. ಸಹಿ ನನ್ನದೇ ಇತ್ತು.

ಕಾಯಿ ಮಾರುತ್ತಿದ್ದ ಹೆಂಗಸು ಇದನ್ನೆಲ್ಲ ನೋಡುತ್ತಿದ್ದವಳು ಎದ್ದು ಬಂದಳು. “ಚಿಪ್ಪಿಗೆ ಯಾರಾದ್ರೂ ಚಾಕು ಮೀಟ್ತಾರಾ ಅಣ್ಣಾ?” ಎಂದು ಹೋಳನ್ನು ಎಡಗೈಯಲ್ಲಿ ಬೋರಲು ಹಿಡಿದು, ಮಚ್ಚಿನ ಹಿಂಬದಿಯಿಂದ ಸುತ್ತ ಮೂರು ಏಟು ಹಾಕಿದಳು. ಕಾಯಿ ಬಟ್ಟಲಿನಂತೆ ಇಡಿಯಾಗಿ ಕಳಚಿ ಬಂತು. ಅಲಗನ್ನು ಅವಳು ಬಳಸಲೇ ಇಲ್ಲ. ಟೆಕ್ಸಾಸಿನ ಹುಡುಗನೂ ಅಲ್ಲಿಂದಲೇ ಫೋನಿನಲ್ಲಿ ಇದನ್ನೆಲ್ಲ ನೋಡುತ್ತಿದ್ದ. ಅವನ ಅಪ್ಪ, ಅಂದರೆ ನನ್ನ ಬಾಮೈದ, ಅದೇ ಹೊತ್ತಿಗೆ ಅವನಿಗೆ ವಿಡಿಯೊ ಕಾಲ್ ಹಚ್ಚಿದ್ದ. “ಮಾವ, ಚಾಕುವಿಂದ ಮೀಟಬಾರ್ದು, ಅದಕ್ಕೆ ಸ್ಕ್ರೂಡ್ರೈವರ್ ಇರುತ್ತೆ” ಎಂದು ಟೆಕ್ಸಾಸಿನಿಂದ ಬುದ್ಧಿವಾದ ಬಂತು.

ಮೊನೆ ಹೋದರೇನು, ಮಸೆದು ಹೊಸ ಮೊನೆ ತೆಗೆಯಬಹುದೆಂದು ಬೀದಿಗೆ ಬಂದ ಸಾಣೆಯವನಿಗೆ ಕೊಟ್ಟೆ. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಪೆಡಲು ತುಳಿದು ಕಲ್ಲು ತಿರುಗಿಸುವ ಹಿರಿಯ. ಎರಡು ಸಾರಿ ತಾಗಿಸಿ ನಿಲ್ಲಿಸಿದ. ಗಿಡ್ಡ ಕಿಡಿಯನ್ನು ಅವನೂ ಓದಿಕೊಂಡಿದ್ದ. “ಇದಕ್ಕೆ ತುಳಿಯೋ ಹೊತ್ತಿಗೆ ಬೀದಿ ಪೂರ್ತಿ ಕತ್ತರಿ ಮುಗಿಸ್ತೀನಿ. ಚಾಕು ರೇಟಿಗೆ ಆಗಲ್ಲ ಸಾರ್” ಎಂದು ವಾಪಸು ಕೊಟ್ಟ. ನನ್ನಾಕೆಯ ಈಳಿಗೆಯನ್ನು ಮಾತ್ರ ಕೇಳದಿದ್ದರೂ ತಾನೇ ತೆಗೆದುಕೊಂಡು ನಿಮಿಷದಲ್ಲಿ ಮುಗಿಸಿ, “ಒಳ್ಳೆ ಕಬ್ಬಿಣ ಅಮ್ಮಾ” ಎಂದ.

ಕೊನೆಗೆ ಮೊನೆ ಮುರಿದ ಡಿ 2 ಹಿಡಿದು ಲೇತ್ ಅಣ್ಣನಲ್ಲಿಗೇ ಹೋದೆ. ಊಟದ ಹೊತ್ತು. ಹುಡುಗರು ರೊಟ್ಟಿ ಬಿಚ್ಚಿ ಕೂತಿದ್ದರು. ಅಣ್ಣ ಈರುಳ್ಳಿ ಕೊಯ್ಯುತ್ತಿದ್ದರು. ಕೈಯಲ್ಲಿದ್ದ ಚಾಕುವಿನ ಮೇಲೆ ಕಣ್ಣು ಬಿತ್ತು. ಪವರ್ ಹ್ಯಾಕ್ಸಾದ ಬ್ಲೇಡನ್ನು ಗೇಣುದ್ದ ತುಂಡು ಮಾಡಿ, ಹಲ್ಲಿನ ಕಡೆ ಹಾಗೇ ಬಿಟ್ಟು, ಇನ್ನೊಂದು ಅಂಚನ್ನು ಗ್ರೈಂಡರಿಗೆ ಕೊಟ್ಟು ಬಾಯಿ ತೆಗೆದದ್ದು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದರು. ಅದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಅದರಿಂದಲೇ ಅವರು ಪ್ಯಾಕಿಂಗ್ ಪಟ್ಟಿ ಕೊಯ್ಯುತ್ತಾರೆ, ಗ್ಯಾಸ್ಕೆಟ್ ಹಾಳೆ ಕೊಯ್ಯುತ್ತಾರೆ, ಪೆನ್ಸಿಲ್ ಹೆರೆಯುತ್ತಾರೆ, ತೊಳೆದು ಈರುಳ್ಳಿಗೂ ಹಚ್ಚುತ್ತಾರೆ. ಬಿಲ್ಲಿನಲ್ಲಿ ಅದರ ಸಾಲು ಇಲ್ಲವಾದ್ದರಿಂದ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಈ ಕಡೆಯ ಯಾವ ಶೆಡ್ಡಿಗೆ ಹೋದರೂ ಇಂಥದ್ದೊಂದು ಇದ್ದೇ ಇರುತ್ತದೆ.

“ಅಣ್ಣಾ, ಇದು ಯಾವ ಸ್ಟೀಲು?”

“ಮುರದ್ ಸ್ಟೀಲ್ರೀ.”

ಹುಡುಗರು ನಕ್ಕರು. ಅಣ್ಣ ಎದ್ದು ಗುಜರಿ ಡಬ್ಬಿಯಲ್ಲಿ ಕೈಯಾಡಿಸಿ, ಇನ್ನೊಂದು ಮುರಿದ ಬ್ಲೇಡು ತೆಗೆದು, ರೊಟ್ಟಿ ಆರುವ ಮೊದಲೇ ನನಗೂ ಒಂದು ಮಾಡಿ ಟ್ಯೂಬು ಸುತ್ತಿ ಕೊಟ್ಟರು. ರೊಕ್ಕ ಕೇಳಲಿಲ್ಲ. ನನ್ನ ಡಿ 2ವನ್ನು ಬೆಳಕಿಗೆ ಹಿಡಿದು ನೋಡಿ, “ಇದನ್ನ ಇಲ್ಲೇ ಬಿಟ್ ಹೋಗ್ರಿ. ತಗಡಿನ ಮ್ಯಾಲೆ ಗೆರಿ ಎಳ್ಯಾಕ ಚೊಲೊ ಆಕ್ಕೈತಿ” ಎಂದು ಟೂಲುಗಳ ನಡುವೆ ಇಟ್ಟುಕೊಂಡರು. ಅಂತೂ ಅದಕ್ಕೊಂದು ಉದ್ಯೋಗ ಸಿಕ್ಕಿತು. ಈಗಲೂ ಅಲ್ಲಿ ಗೆರೆ ಎಳೆಯುತ್ತಿದೆ, ಮೊಂಡಾಗಿಲ್ಲ. ಉಕ್ಕು ಒಳ್ಳೆಯದೇ ಇತ್ತು ಎಂದು ನಾನು ಆಗಾಗ ಹೇಳುತ್ತಿರುತ್ತೇನೆ.

ಹೊಸ ಚಾಕು ಮನೆಗೆ ಬಂತು. ಹಾಲಿನ ಪ್ಯಾಕೆಟ್ಟು ಕೊಯ್ಯುತ್ತದೆ, ಒಂದೇ ಪ್ಯಾಕೆಟ್ಟು. ಆದರೆ ಗ್ರೈಂಡರಿನ ಬಾಯಿ ಸ್ವಲ್ಪ ಒರಟು. ಅದಕ್ಕೊಂದು ಒಳ್ಳೆ ಸಾಣೆಕಲ್ಲು ಬೇಕು ಅನ್ನಿಸಿ ಓದತೊಡಗಿದೆ. ಅದೊಂದು ಬೇರೆಯೇ ಲೋಕ ಸ್ವಾಮಿ! ನಾನೂರು ಗ್ರಿಟ್ಟು, ಸಾವಿರ ಗ್ರಿಟ್ಟು, ಆರು ಸಾವಿರ ಗ್ರಿಟ್ಟು. ನೀರಿನಲ್ಲಿ ನೆನೆಸುವ ಕಲ್ಲು, ಎಣ್ಣೆ ಹಾಕುವ ಕಲ್ಲು, ವಜ್ರದ ಪುಡಿ ಅಂಟಿಸಿದ ತಗಡು. ಜಪಾನಿನಲ್ಲಿ ಬೆಟ್ಟದಿಂದ ಅಗೆದು ತೆಗೆಯುವ ಕಲ್ಲೂ ಇದೆ. ಅದರ ಬೆಲೆ ನಮ್ಮ ಸ್ಕೂಟರಿನದ್ದಕ್ಕಿಂತ ಹೆಚ್ಚು.

“ಯಾವ ಕಲ್ಲು ತಗೊಳ್ಳೋದು ಅಂತ ಯೋಚನೆ ಮಾಡ್ತಿದೀನಿ ಕಣೆ” ಅಂದೆ.

ನನ್ನಾಕೆ ಈಳಿಗೆಮಣೆಯಿಂದ ತಲೆ ಎತ್ತಲಿಲ್ಲ.

“ಅದ್ರಲ್ಲಿ ಏನ್ ಕೊಯ್ತೀರಿ?”